ಆ್ಯಕ್ಸೆಸ್‌ನಿಂದ ಎಕ್ಸೆಲ್ ನಡೆಸುವುದು ಹೇಗೆ: ವಿಬಿಎ ಕೋಡ್, ಹಂತ ಹಂತವಾಗಿ

ಲೆಕ್ಕವನ್ನೆಲ್ಲ ಮೈಕ್ರೋಸಾಫ್ಟ್‌ನ ಡೇಟಾಬೇಸ್ ಪ್ರೋಗ್ರಾಂ ಆ್ಯಕ್ಸೆಸ್‌ನಲ್ಲಿ ಅಚ್ಚುಕಟ್ಟಾಗಿ ಇಟ್ಟಿರುತ್ತೀರಿ. ಆದರೆ ಕೇಳುವವರೆಲ್ಲ ಕೇಳುವುದು ಎಕ್ಸೆಲ್ ಶೀಟನ್ನೇ. ಆಡಿಟರ್‌ಗೆ ಎಕ್ಸೆಲ್ ಬೇಕು, ಬ್ಯಾಂಕಿಗೆ ಎಕ್ಸೆಲ್ ಬೇಕು, ಅಧ್ಯಕ್ಷರ ವಾಟ್ಸಾಪ್‌ಗೂ ಅದೇ ಬೇಕು. ಪ್ರತಿ ಸಲ ಕ್ವೆರಿ (ಟೇಬಲ್‌ನಿಂದ ಬೇಕಾದ ಸಾಲುಗಳನ್ನು ಆಯ್ದು ಕೊಡುವ ಪ್ರಶ್ನೆ) ತೆರೆದು, ಕಾಪಿ ಮಾಡಿ, ಪೇಸ್ಟ್ ಮಾಡಿ, ಗೆರೆ ಎಳೆದು, ಮೊತ್ತ ಹಾಕಿ ಕಳಿಸುವವರು ಈಗಲೂ ಬೇಕಾದಷ್ಟು ಜನ ಇದ್ದಾರೆ. ಈ ಕೆಲಸವನ್ನು ಒಂದು ಬಟನ್‌ಗೆ ಒಪ್ಪಿಸಬಹುದು. ಆ್ಯಕ್ಸೆಸ್ ಒಳಗಿನ ವಿಬಿಎ (ಆಫೀಸ್ ಪ್ರೋಗ್ರಾಂಗಳ ಒಳಗೇ ಇರುವ ಪ್ರೋಗ್ರಾಮಿಂಗ್ ಭಾಷೆ) ಕೋಡ್ ಎಕ್ಸೆಲನ್ನು ತಾನೇ ತೆರೆಯುತ್ತದೆ, ತುಂಬುತ್ತದೆ, ಉಳಿಸುತ್ತದೆ, ಮುಚ್ಚುತ್ತದೆ.

ಉದಾಹರಣೆಗೆ ಹಳ್ಳಿಯ ಒಂದು ಹಾಲು ಉತ್ಪಾದಕರ ಸಂಘವನ್ನು ಇಟ್ಟುಕೊಳ್ಳೋಣ. ಬೆಳಿಗ್ಗೆ, ಸಂಜೆ ಸದಸ್ಯರು ಹಾಲು ಹಾಕುತ್ತಾರೆ. ದಿನಾಂಕ, ಸದಸ್ಯ ಸಂಖ್ಯೆ, ಲೀಟರ್, ಫ್ಯಾಟ್, ಮೊತ್ತ ಎಲ್ಲ ಆ್ಯಕ್ಸೆಸ್ ಟೇಬಲ್‌ನಲ್ಲಿ ಸೇರುತ್ತವೆ. ಬಟವಾಡೆ ಹೊತ್ತಿಗೆ ಸದಸ್ಯವಾರು ಪಟ್ಟಿ ಎಕ್ಸೆಲ್‌ನಲ್ಲಿ ಬೇಕು. ನಿಮ್ಮದು ಗೊಬ್ಬರದ ಅಂಗಡಿಯೋ ಶಾಲೆಯ ಶುಲ್ಕವೋ ಆಗಿದ್ದರೂ ದಾರಿ ಇದೇ.

ಒಂದು ಸೂಚನೆ. ಕೋಡ್ ಸಾಲುಗಳನ್ನು ಓದಿಕೊಂಡು ಹೋಗಲು ಅನುಕೂಲವಾಗಲಿ ಎಂದು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಅವೇ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ವಿಬಿಎ ಎಡಿಟರ್‌ಗೆ ಕನ್ನಡ ಅಕ್ಷರ ತಿಳಿಯುವುದಿಲ್ಲ. ಅದರಿಂದ ಆಗುವ ತೊಂದರೆಗೂ ಮುಂದೆ ಬರುತ್ತೇನೆ.

ಕೋಡ್ ನಿಜವಾಗಿ ಬೇಕಾ?

ಮೊದಲು ಇದನ್ನು ಕೇಳಿಕೊಳ್ಳಿ. ಬರೀ ದತ್ತಾಂಶ ಸಾಕು, ಅಂದಚಂದ ಬೇಡ ಅನ್ನುವುದಾದರೆ ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತದೆ:

ಡೂಸಿಎಂಡಿ.ಟ್ರಾನ್ಸ್‌ಫರ್‌ಸ್ಪ್ರೆಡ್‌ಶೀಟ್ ಎಸಿಎಕ್ಸ್‌ಪೋರ್ಟ್, 10, "ಕ್ಯೂಬಟವಾಡೆ", ಫೈಲ್‌ದಾರಿ, ಟ್ರೂ

'ಫೈಲ್‌ದಾರಿ' ಅಂದರೆ ಫೈಲ್ ಉಳಿಯಬೇಕಾದ ಜಾಗ ಮತ್ತು ಹೆಸರು. ಇಲ್ಲಿ 10 ಅಂದರೆ ಎಕ್ಸೆಲ್ 2007ರಿಂದ ಬಂದ ಹೊಸ ಬಗೆಯ ಫೈಲ್. ಕೊನೆಯ ಟ್ರೂ ಅಂದರೆ ಮೊದಲ ಸಾಲಿನಲ್ಲಿ ಕಾಲಂ ಹೆಸರು ಬರಲಿ ಎಂದು. ಇದಕ್ಕೆ ಎಕ್ಸೆಲ್ ತೆರೆಯುವುದೇ ಬೇಡ.

ಸಂಘದ ಹೆಸರು ಮೇಲೆ ಬರಬೇಕು, ಕೆಳಗೆ ಒಟ್ಟು ಮೊತ್ತ ಬೇಕು, ಸಹಿಗೆ ಜಾಗ ಬೇಕು, ಪಿಡಿಎಫ್ ಕೂಡ ಬೇಕು ಅಂದಾಗ ಮಾತ್ರ ಮುಂದಿನದನ್ನು ಓದಿ.

ತಯಾರಿ

ಕೋಡ್ ಓಡುವ ಕಂಪ್ಯೂಟರ್‌ನಲ್ಲಿ ಪೂರ್ಣ ಎಕ್ಸೆಲ್ ಇರಬೇಕು. ಬ್ರೌಸರ್‌ನಲ್ಲಿ ತೆರೆಯುವ ಎಕ್ಸೆಲ್ ಇದಕ್ಕೆ ಬರುವುದಿಲ್ಲ. ಮ್ಯಾಕ್‌ಗಂತೂ ಆ್ಯಕ್ಸೆಸ್ ಇಲ್ಲವೇ ಇಲ್ಲ.

ಡೇಟಾಬೇಸ್ ತೆರೆದಾಗ ಮೇಲೆ ಹಳದಿ ಪಟ್ಟಿ ಬಂದರೆ 'ಎನೇಬಲ್ ಕಂಟೆಂಟ್' ಒತ್ತಿ. ಒತ್ತುವ ತನಕ ಕೋಡ್ ಓಡುವುದಿಲ್ಲ. ಫೈಲ್ ಮೇಲ್‌ನಿಂದಲೋ ಇಂಟರ್ನೆಟ್‌ನಿಂದಲೋ ಇಳಿಸಿದ್ದಾದರೆ ಆ ಬಟನ್ ಕೂಡ ಕಾಣದೇ ಇರಬಹುದು. ಆಗ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, 'ಪ್ರಾಪರ್ಟೀಸ್'ಗೆ ಹೋಗಿ 'ಅನ್‌ಬ್ಲಾಕ್' ಟಿಕ್ ಮಾಡಿ.

ಆಲ್ಟ್ ಮತ್ತು ಎಫ್11 ಒತ್ತಿದರೆ ಎಡಿಟರ್ ತೆರೆಯುತ್ತದೆ. 'ಇನ್ಸರ್ಟ್' ಮೆನುವಿನಿಂದ ಹೊಸ ಮಾಡ್ಯೂಲ್ ಸೇರಿಸಿ. ಅದರ ನೆತ್ತಿಯ ಮೇಲೆ 'ಆಪ್ಷನ್ ಎಕ್ಸ್‌ಪ್ಲಿಸಿಟ್' ಇರಲೇಬೇಕು. ಇಲ್ಲದಿದ್ದರೆ ನೀವೇ ಬರೆಯಿರಿ. ಘೋಷಿಸದ ಹೆಸರನ್ನು ಬಳಸಿದರೆ ಇದು ತಡೆಯುತ್ತದೆ. ಈ ಒಂದು ಸಾಲಿನ ಬೆಲೆ ಮುಂದೆ ಗೊತ್ತಾಗುತ್ತದೆ.

ರೆಫರೆನ್ಸ್ ಹಾಕಿ ಬರೆಯಿರಿ, ತೆಗೆದು ಕಂಪೈಲ್ ಮಾಡಿ

ಎಕ್ಸೆಲ್ ಜೊತೆ ಮಾತಾಡಲು ಎರಡು ದಾರಿ ಇವೆ. ಒಂದು, 'ಟೂಲ್ಸ್' ಮೆನುವಿನ 'ರೆಫರೆನ್ಸಸ್'ನಲ್ಲಿ ಎಕ್ಸೆಲ್ ಆಬ್ಜೆಕ್ಟ್ ಲೈಬ್ರರಿಗೆ ಟಿಕ್ ಹಾಕುವುದು. ಎಕ್ಸೆಲ್ 2016ರಿಂದ ಈಚೆಗೆ ಇದು 16.0 ಎಂದು ಕಾಣುತ್ತದೆ. 2013ರಲ್ಲಿ 15.0, 2010ರಲ್ಲಿ 14.0. ಟಿಕ್ ಹಾಕಿದರೆ ಚುಕ್ಕಿ ಒತ್ತಿದ ಕೂಡಲೇ ಪಟ್ಟಿ ಇಳಿಯುತ್ತದೆ, ಬರೆಯುವುದು ಸಲೀಸು. ಆದರೆ ಹಳೇ ಆಫೀಸ್ ಇರುವ ಕಂಪ್ಯೂಟರ್‌ಗೆ ಫೈಲ್ ಒಯ್ದರೆ ಆ ಲೈಬ್ರರಿ 'ಮಿಸ್ಸಿಂಗ್' ಅನ್ನುತ್ತದೆ. ಆಮೇಲೆ ಎಕ್ಸೆಲ್‌ಗೆ ಸಂಬಂಧವೇ ಇಲ್ಲದ ಕೋಡ್ ಕೂಡ ಕೈಕೊಡುತ್ತದೆ.

ಇನ್ನೊಂದು ದಾರಿಯಲ್ಲಿ ರೆಫರೆನ್ಸೇ ಬೇಡ. ಎಲ್ಲವನ್ನೂ 'ಆಬ್ಜೆಕ್ಟ್' ಎಂದು ಘೋಷಿಸಿದರೆ ಸಾಕು. ಯಾವ ಆವೃತ್ತಿ ಇದ್ದರೂ ನಡೆಯುತ್ತದೆ.

ನನ್ನ ಸಲಹೆ: ಬರೆಯುವಾಗ ಟಿಕ್ ಇರಲಿ. ಬರೆದು ಮುಗಿದ ಮೇಲೆ ಟಿಕ್ ತೆಗೆದು, ಘೋಷಣೆಗಳನ್ನೆಲ್ಲ 'ಆಬ್ಜೆಕ್ಟ್' ಮಾಡಿ, 'ಡೀಬಗ್' ಮೆನುವಿನಲ್ಲಿ 'ಕಂಪೈಲ್' (ಓಡಿಸದೆಯೇ ಕೋಡ್‌ನ ತಪ್ಪು ಹುಡುಕುವ ಆಜ್ಞೆ) ಒತ್ತಿ. ಇದು ಬರೀ ಆವೃತ್ತಿ ತೊಂದರೆಗೆ ಮದ್ದಲ್ಲ. ಎಲ್ಲಿ ನೀವು ಅಡ್ಡಾದಿಡ್ಡಿ ಬರೆದಿದ್ದೀರೋ ಅಲ್ಲೆಲ್ಲ ಕಂಪೈಲರ್ ಬೆರಳು ತೋರಿಸುತ್ತದೆ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಟಿಕ್ ತೆಗೆದ ಮೇಲೆ ಎಕ್ಸೆಲ್‌ನ ಹೆಸರಿನ ಸ್ಥಿರಾಂಕಗಳು ಸಿಗುವುದಿಲ್ಲ. ಅವುಗಳ ಸಂಖ್ಯೆಯನ್ನೇ ಹಾಕಬೇಕು. ಜಾಸ್ತಿ ಬೇಕಾಗುವವು ಇಷ್ಟೇ: 'ಎಕ್ಸ್‌ಎಲ್‌ಅಪ್' ಅಂದರೆ -4162, 'ಎಕ್ಸ್‌ಎಲ್‌ಸೆಂಟರ್' ಅಂದರೆ -4108, ಸಾಮಾನ್ಯ ಎಕ್ಸೆಲ್ ಫೈಲ್ ಆಗಿ ಉಳಿಸಲು 51, ಪಿಡಿಎಫ್‌ಗೆ 0. ಮಾಡ್ಯೂಲ್ ಮೇಲ್ಗಡೆ ಇವನ್ನು ನೀವೇ 'ಕಾನ್ಸ್ಟ್' ಎಂದು ಘೋಷಿಸಿಕೊಳ್ಳಿ. ಮುಂದೆ ಓದುವವರಿಗೆ ಒಳ್ಳೆಯದು.

ಲೆಕ್ಕ ಕ್ವೆರಿಯಲ್ಲಿ ಮುಗಿಸಿ

ಗುಂಪು ಮಾಡುವುದು, ಕೂಡುವುದು, ವಿಂಗಡಿಸುವುದು ಆ್ಯಕ್ಸೆಸ್ ಕೆಲಸ. ಎಕ್ಸೆಲ್‌ಗೆ ಸಿದ್ಧವಾದ ಸಾಲುಗಳು ಮಾತ್ರ ಹೋಗಲಿ. ನಮ್ಮ ಕ್ವೆರಿಯಲ್ಲಿ ಐದು ಕಾಲಂ: ಸದಸ್ಯ ಸಂಖ್ಯೆ, ಹೆಸರು, ಒಟ್ಟು ಲೀಟರ್, ಸರಾಸರಿ ಫ್ಯಾಟ್, ಮೊತ್ತ.

ಫ್ಯಾಟ್ ಸರಾಸರಿಗೆ ಸುಮ್ನೆ ಸರಾಸರಿ ಫಂಕ್ಷನ್ ಹಾಕಬೇಡಿ. ಎರಡು ಲೀಟರ್ ಹಾಕಿದ ದಿನಕ್ಕೂ ಹತ್ತು ಲೀಟರ್ ಹಾಕಿದ ದಿನಕ್ಕೂ ಒಂದೇ ತೂಕ ಬಂದುಬಿಡುತ್ತದೆ. ಲೀಟರ್ ಗುಣಿಸು ಫ್ಯಾಟ್, ಅದರ ಮೊತ್ತವನ್ನು ಒಟ್ಟು ಲೀಟರ್‌ನಿಂದ ಭಾಗಿಸಿ. ಹಣದ ಕಾಲಂ 'ಕರೆನ್ಸಿ' ಬಗೆಯದ್ದಾಗಿರಲಿ, ಪೈಸೆ ಲೆಕ್ಕ ತಪ್ಪುವುದಿಲ್ಲ.

ದಿನಾಂಕದ ಗಡಿಗೆ ಕ್ವೆರಿಯಲ್ಲಿ ಎರಡು ಪ್ಯಾರಾಮೀಟರ್ (ಓಡಿಸುವಾಗ ಹೊರಗಿನಿಂದ ಕೊಡುವ ಮೌಲ್ಯ) ಇಡಿ: 'ಪಿಇಂದ', 'ಪಿವರೆಗೆ'. ಕ್ವೆರಿ ಡಿಸೈನ್‌ನ 'ಪ್ಯಾರಾಮೀಟರ್ಸ್' ಪೆಟ್ಟಿಗೆಯಲ್ಲಿ ಎರಡರ ಬಗೆಯೂ ದಿನಾಂಕ ಎಂದು ಘೋಷಿಸಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಹಲವರು ಎಸ್‌ಕ್ಯೂಎಲ್ (ಕ್ವೆರಿ ಬರೆಯುವ ಭಾಷೆ) ವಾಕ್ಯವನ್ನು ಕೋಡ್‌ನಲ್ಲೇ ಜೋಡಿಸಿ ಹ್ಯಾಶ್ ಗುರುತಿನ ನಡುವೆ ದಿನಾಂಕ ತುರುಕುತ್ತಾರೆ. ಅಲ್ಲಿ 05/04/2025 ಎಂದು ಬರೆದರೆ ಆ್ಯಕ್ಸೆಸ್ ಅದನ್ನು ಅಮೆರಿಕದ ಕ್ರಮದಲ್ಲಿ ಓದುತ್ತದೆ. ನಿಮ್ಮ ಏಪ್ರಿಲ್ 5 ಅದಕ್ಕೆ ಮೇ 4. ದೋಷ ಸಂದೇಶ ಬರುವುದಿಲ್ಲ, ಬರುವುದು ತಪ್ಪು ಬಟವಾಡೆ. 13ನೇ ತಾರೀಖಿನಿಂದ ಮುಂದೆ ಸರಿಯಾಗಿ ಓದುವುದರಿಂದ ತಪ್ಪು ಕಣ್ಣಿಗೆ ಬೀಳುವುದೂ ತಡ. ಪ್ಯಾರಾಮೀಟರ್ ಆದರೆ ಈ ಗೊಂದಲವೇ ಇಲ್ಲ.

ಕೋಡ್ ಹೀಗೆ ('ಇಂದ', 'ವರೆಗೆ' ಅಂದರೆ ಫಾರ್ಮ್‌ನಿಂದ ಬರುವ ಎರಡು ದಿನಾಂಕ):

ಡಿಮ್ ಡಿಬಿ ಆ್ಯಸ್ ಡಿಎಒ.ಡೇಟಾಬೇಸ್, ಕ್ಯೂಡಿ ಆ್ಯಸ್ ಡಿಎಒ.ಕ್ವೆರಿಡೆಫ್, ಆರ್‌ಎಸ್ ಆ್ಯಸ್ ಡಿಎಒ.ರೆಕಾರ್ಡ್‌ಸೆಟ್
ಸೆಟ್ ಡಿಬಿ = ಕರೆಂಟ್‌ಡಿಬಿ
ಸೆಟ್ ಕ್ಯೂಡಿ = ಡಿಬಿ.ಕ್ವೆರಿಡೆಫ್ಸ್("ಕ್ಯೂಬಟವಾಡೆ")
ಕ್ಯೂಡಿ.ಪ್ಯಾರಾಮೀಟರ್ಸ್("ಪಿಇಂದ").ವ್ಯಾಲ್ಯೂ = ಇಂದ
ಕ್ಯೂಡಿ.ಪ್ಯಾರಾಮೀಟರ್ಸ್("ಪಿವರೆಗೆ").ವ್ಯಾಲ್ಯೂ = ವರೆಗೆ
ಸೆಟ್ ಆರ್‌ಎಸ್ = ಕ್ಯೂಡಿ.ಓಪನ್‌ರೆಕಾರ್ಡ್‌ಸೆಟ್(ಡಿಬಿಓಪನ್‌ಸ್ನ್ಯಾಪ್‌ಶಾಟ್)

ಕ್ವೆರಿಯೊಳಗೇ ಫಾರ್ಮ್‌ನ ಪೆಟ್ಟಿಗೆಯನ್ನು ಉಲ್ಲೇಖಿಸಿದ್ದರೆ ಕೈಯಿಂದ ತೆರೆದಾಗ ಸರಿಯಾಗಿ ಬರುತ್ತದೆ, ಕೋಡ್‌ನಿಂದ ತೆರೆದಾಗ 3061 ದೋಷ ಬರುತ್ತದೆ, ಪ್ಯಾರಾಮೀಟರ್ ಸಾಲದು ಎಂದು. ತಲೆ ಕೆರೆದುಕೊಳ್ಳುವವರು ಬಹಳ. ಕಾರಣ ಸರಳ: ಕೋಡ್‌ನಿಂದ ತೆರೆದಾಗ ಡೇಟಾಬೇಸ್ ಎಂಜಿನ್‌ಗೆ ನಿಮ್ಮ ಫಾರ್ಮ್ ಕಾಣುವುದಿಲ್ಲ. ಪ್ಯಾರಾಮೀಟರ್‌ನ ಮೌಲ್ಯವನ್ನು ನೀವೇ ಕೊಡಬೇಕು, ಮೇಲಿನ ಹಾಗೆ.

ಕ್ವೆರಿ ಕೊಟ್ಟ ಸಾಲುಗಳು ಈಗ 'ಆರ್‌ಎಸ್' ಎಂಬ ರೆಕಾರ್ಡ್‌ಸೆಟ್‌ನಲ್ಲಿವೆ. ಎಕ್ಸೆಲ್ ತೆರೆಯುವ ಮೊದಲೇ 'ಆರ್‌ಎಸ್.ಇಒಎಫ್' ನೋಡಿ. ಅದು ಟ್ರೂ ಆಗಿದ್ದರೆ ಆ ಅವಧಿಯಲ್ಲಿ ಒಂದು ಸಾಲೂ ಇಲ್ಲ. ಸಂದೇಶ ಕೊಟ್ಟು ಹೊರಬನ್ನಿ.

ಎಕ್ಸೆಲ್ ಏಳಿಸುವುದು

ಡಿಮ್ ಎಕ್ಸ್ ಆ್ಯಸ್ ಆಬ್ಜೆಕ್ಟ್, ಬುಕ್ ಆ್ಯಸ್ ಆಬ್ಜೆಕ್ಟ್, ಶೀಟ್ ಆ್ಯಸ್ ಆಬ್ಜೆಕ್ಟ್
ಸೆಟ್ ಎಕ್ಸ್ = ಕ್ರಿಯೇಟ್‌ಆಬ್ಜೆಕ್ಟ್("ಎಕ್ಸೆಲ್.ಅಪ್ಲಿಕೇಶನ್")
ಎಕ್ಸ್.ವಿಸಿಬಲ್ = ಟ್ರೂ
ಸೆಟ್ ಬುಕ್ = ಎಕ್ಸ್.ವರ್ಕ್‌ಬುಕ್ಸ್.ಆ್ಯಡ್(ಕರೆಂಟ್‌ಪ್ರಾಜೆಕ್ಟ್.ಪಾತ್ & "\ಟೆಂಪ್ಲೇಟ್.ಎಕ್ಸ್‌ಎಲ್‌ಟಿಎಕ್ಸ್")
ಸೆಟ್ ಶೀಟ್ = ಬುಕ್.ವರ್ಕ್‌ಶೀಟ್ಸ್(1)

ಹೀಗೆ ತೆರೆದ ಎಕ್ಸೆಲ್ ಮೊದಲಿಗೆ ಕಣ್ಣಿಗೆ ಕಾಣುವುದಿಲ್ಲ. ಪರೀಕ್ಷೆ ಮಾಡುವ ದಿನಗಳಲ್ಲಿ ಮೂರನೇ ಸಾಲು ಇರಲಿ, ಏನಾಗುತ್ತಿದೆ ಅಂತ ಎದುರಿಗೇ ನೋಡಬಹುದು.

ಆಗಲೇ ತೆರೆದಿರುವ ಎಕ್ಸೆಲನ್ನು ಹಿಡಿದುಕೊಳ್ಳಲು 'ಗೆಟ್‌ಆಬ್ಜೆಕ್ಟ್' ಕೂಡ ಇದೆ. ಯಾವುದೂ ತೆರೆದಿಲ್ಲದಿದ್ದರೆ 429 ದೋಷ ಕೊಡುತ್ತದೆ. ನಾನು ಅದನ್ನು ದೂರವೇ ಇಡುತ್ತೇನೆ. ಅಲ್ಲಿ ಯಾರೋ ಒಂದು ಸೆಲ್‌ನಲ್ಲಿ ಅರ್ಧ ಟೈಪ್ ಮಾಡಿ ಚಹಾಕ್ಕೆ ಹೋಗಿದ್ದರೆ ಎಕ್ಸೆಲ್ ನಿಮ್ಮ ಕರೆಗೆ ಓಗೊಡುವುದಿಲ್ಲ, ಕೋಡ್ ಬಿದ್ದುಹೋಗುತ್ತದೆ. ಕೊನೆಗೆ ಕ್ವಿಟ್ ಕೊಟ್ಟರೆ ಅವರ ಕೆಲಸವನ್ನೂ ಮುಚ್ಚಲು ಹೋಗುತ್ತೀರಿ. ನಿಮ್ಮದು ನಿಮಗೆ ಬೇರೆಯೇ ಇರಲಿ.

ನಾಲ್ಕನೇ ಸಾಲಿನ ಟೆಂಪ್ಲೇಟ್ ಬಗ್ಗೆ. ಗೆರೆ, ಬಣ್ಣ, ಕಾಲಂ ಅಗಲ, ಪ್ರಿಂಟ್ ಅಂಚು ಎಲ್ಲವನ್ನೂ ಕೋಡ್‌ನಲ್ಲಿ ಬರೆಯುವ ಹುರುಪು ಮೊದಮೊದಲು ಎಲ್ಲರಿಗೂ ಬರುತ್ತದೆ. ನೂರು ಸಾಲು ಬೆಳೆಯುತ್ತದೆ. ಆಮೇಲೆ ಕಾರ್ಯದರ್ಶಿ "ಶೀರ್ಷಿಕೆ ಸ್ವಲ್ಪ ದೊಡ್ಡದು ಮಾಡಿ" ಅಂದರೆ ನೀವೇ ಬಂದು ಕೋಡ್ ತಿದ್ದಬೇಕು. ಅದರ ಬದಲು ಎಕ್ಸೆಲ್‌ನಲ್ಲಿ ಕೈಯಿಂದಲೇ ಚಂದದ ಹಾಳೆ ಮಾಡಿ, ಟೆಂಪ್ಲೇಟ್ ಆಗಿ ಉಳಿಸಿ, ಡೇಟಾಬೇಸ್ ಪಕ್ಕದಲ್ಲೇ ಇಡಿ. 'ಆ್ಯಡ್'ಗೆ ಅದರ ದಾರಿ ಕೊಟ್ಟರೆ ಪ್ರತಿ ಸಲ ಹೊಸ ಪ್ರತಿ ತೆರೆಯುತ್ತದೆ, ಮೂಲ ಹಾಗೇ ಉಳಿಯುತ್ತದೆ. ಅಂದಚಂದ ಯಾರು ಬೇಕಾದರೂ ಬದಲಿಸಬಹುದು.

ತುಂಬುವುದು

ನಮ್ಮ ಟೆಂಪ್ಲೇಟ್‌ನಲ್ಲಿ ನಾಲ್ಕನೇ ಸಾಲು ಶೀರ್ಷಿಕೆ, ಐದರಿಂದ ದತ್ತಾಂಶ. ಇಡೀ ಪಟ್ಟಿ ಒಂದೇ ಸಾಲಿನಲ್ಲಿ ಇಳಿಯುತ್ತದೆ:

ಶೀಟ್.ರೇಂಜ್("ಎ5").ಕಾಪಿಫ್ರಮ್‌ರೆಕಾರ್ಡ್‌ಸೆಟ್ ಆರ್‌ಎಸ್

ಒಂದೊಂದೇ ಸೆಲ್‌ಗೆ ಲೂಪ್ ಹಾಕಿ ಬರೆಯಬೇಡಿ. ಆ್ಯಕ್ಸೆಸ್ ಮತ್ತು ಎಕ್ಸೆಲ್ ಎರಡು ಬೇರೆ ಪ್ರೋಗ್ರಾಂಗಳು. ಪ್ರತಿ ಸೆಲ್‌ಗೂ ಒಂದರಿಂದ ಇನ್ನೊಂದಕ್ಕೆ ಕರೆ ಹೋಗಿ ಬರಬೇಕು. ಒಂದು ಚೀಲ ಅಕ್ಕಿಯನ್ನು ಕಾಳುಕಾಳಾಗಿ ಮನೆಗೆ ಹೊತ್ತ ಹಾಗೆ.

ಈ ಆಜ್ಞೆಯ ಕೆಲವು ಗುಣಗಳು ಗೊತ್ತಿರಲಿ. ಇದು ಕಾಲಂ ಹೆಸರು ತರುವುದಿಲ್ಲ. ಟೆಂಪ್ಲೇಟ್‌ನಲ್ಲಿ ಶೀರ್ಷಿಕೆ ಇರುವುದರಿಂದ ನಮಗೆ ಚಿಂತೆಯಿಲ್ಲ. ಇಲ್ಲದಿದ್ದರೆ 'ಆರ್‌ಎಸ್.ಫೀಲ್ಡ್ಸ್' ಮೇಲೆ ಲೂಪ್ ಹಾಕಿ. ಆದರೆ ಫೀಲ್ಡ್ ಎಣಿಕೆ 0ಯಿಂದ, ಎಕ್ಸೆಲ್ ಕಾಲಂ ಎಣಿಕೆ 1ರಿಂದ. ಇದು ರೆಕಾರ್ಡ್‌ಸೆಟ್ ಈಗ ಎಲ್ಲಿ ನಿಂತಿದೆಯೋ ಅಲ್ಲಿಂದ ಕೊನೆಯವರೆಗೆ ಮಾತ್ರ ಒಯ್ಯುತ್ತದೆ. ಎರಡನೇ ಸಲ ಬಳಸುವ ಮೊದಲು 'ಮೂವ್‌ಫಸ್ಟ್' ಬೇಕು. ಫೋಟೋ ಇರುವ ಒಎಲ್‌ಇ ಆಬ್ಜೆಕ್ಟ್ ಕಾಲಂ ಇದ್ದರೆ ವಿಫಲವಾಗುತ್ತದೆ, ಕ್ವೆರಿಯಲ್ಲೇ ಅದನ್ನು ಬಿಟ್ಟುಬಿಡಿ.

ಕೊನೆಯ ಸಾಲು ಹುಡುಕಿ ಮೊತ್ತ ಹಾಕುವುದು ಹೀಗೆ:

ಕೊನೆ = ಶೀಟ್.ಸೆಲ್ಸ್(ಶೀಟ್.ರೋಸ್.ಕೌಂಟ್, 1).ಎಂಡ್(-4162).ರೋ
ಶೀಟ್.ಸೆಲ್ಸ್(ಕೊನೆ + 1, 5).ಫಾರ್ಮುಲಾ = "=ಸಮ್(ಇ5:ಇ" & ಕೊನೆ & ")"

ಮೊತ್ತವನ್ನು ಸಂಖ್ಯೆಯಾಗಿ ಬರೆಯದೆ ಸೂತ್ರವಾಗಿ ಬರೆಯಿರಿ. ಆಡಿಟರ್ ಸೆಲ್ ಮೇಲೆ ಕ್ಲಿಕ್ ಮಾಡಿ ನೋಡುತ್ತಾರೆ, ಅಲ್ವಾ? 'ಕೊನೆ' ಎಂಬುದನ್ನು 'ಲಾಂಗ್' ಎಂದು ಘೋಷಿಸಿ. 'ಇಂಟಿಜರ್' 32,767ಕ್ಕೆ ನಿಂತುಬಿಡುತ್ತದೆ, ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲುಗಳಿವೆ.

ಸೊನ್ನೆ, ಸರ್ವೆ ನಂಬರು, ಲಕ್ಷ

ಎಕ್ಸೆಲ್ ತುಸು ಅತಿ ಜಾಣ. ಪಠ್ಯವನ್ನು ಕೋಡ್‌ನಿಂದ ಸೆಲ್‌ಗೆ ಬರೆದಾಗ ಸದಸ್ಯ ಸಂಖ್ಯೆ 0045 ಇದ್ದದ್ದು 45 ಆಗುತ್ತದೆ. ಸರ್ವೆ ನಂಬರ್ 12/3 ಇದ್ದದ್ದು ದಿನಾಂಕವಾಗಿ ಕೂರುತ್ತದೆ. ಇಂಥ ಕಾಲಂಗಳಿಗೆ ಟೆಂಪ್ಲೇಟ್‌ನಲ್ಲೇ 'ಟೆಕ್ಸ್ಟ್' ಫಾರ್ಮ್ಯಾಟ್ ಕೊಟ್ಟಿಡಿ. ಬರೆದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ, ಹೋದ ಸೊನ್ನೆ ಹೋಯಿತು.

ಮೊತ್ತ ನಮ್ಮ ಕ್ರಮದಲ್ಲಿ 12,34,567 ಎಂದು ಕಾಣಬೇಕಾದರೆ ವಿಂಡೋಸ್ ರೀಜನ್ ಸೆಟ್ಟಿಂಗ್ ಭಾರತದ್ದಾಗಿದ್ದರೆ ಸಾಕು. ಬೇರೆ ಸೆಟ್ಟಿಂಗ್ ಇರುವ ಕಂಪ್ಯೂಟರ್‌ನಲ್ಲೂ ಹಾಗೇ ಕಾಣಬೇಕೆಂದರೆ ಕಸ್ಟಮ್ ಫಾರ್ಮ್ಯಾಟ್ ಕೊಡಿ:

[>=10000000]##\,##\,##\,##0.00;[>=100000]##\,##\,##0.00;##,##0.00

ಕೋಟಿ, ಲಕ್ಷ, ಉಳಿದದ್ದು ಎಂದು ಮೂರು ಭಾಗ. ಋಣ ಸಂಖ್ಯೆಗಳು ಮೂರನೇ ಭಾಗಕ್ಕೆ ಬೀಳುವುದರಿಂದ ದೊಡ್ಡ ಋಣ ಮೊತ್ತಕ್ಕೆ ಲಕ್ಷದ ಅಲ್ಪವಿರಾಮ ಸಿಗುವುದಿಲ್ಲ. ಬಟವಾಡೆಗೆ ಅದು ತೊಂದರೆಯಲ್ಲ.

ಕನ್ನಡ ಪ್ರಶ್ನಾರ್ಥಕ ಚಿಹ್ನೆ ಆದರೆ

ಎಡಿಟರ್‌ನಲ್ಲಿ ಕನ್ನಡ ಟೈಪ್ ಮಾಡಿದರೆ ಅಥವಾ ಪೇಸ್ಟ್ ಮಾಡಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತದೆ. ಎಡಿಟರ್ ಯುನಿಕೋಡ್ ಕಾಲಕ್ಕೆ ಬಂದೇ ಇಲ್ಲ. ಆದರೆ ಆ್ಯಕ್ಸೆಸ್ ಟೇಬಲ್ ಬಂದಿದೆ, ಎಕ್ಸೆಲ್ ಸೆಲ್ ಬಂದಿದೆ. ನಡುವಿನ ಕೋಡ್‌ನಲ್ಲಿ ಕನ್ನಡ ಅಕ್ಷರ ಬರೆಯದಿದ್ದರೆ ಆಯಿತು. ಟೇಬಲ್‌ನಲ್ಲಿರುವ ಸದಸ್ಯರ ಕನ್ನಡ ಹೆಸರು ಏನೂ ಕೆಡದೆ ಎಕ್ಸೆಲ್‌ಗೆ ಬರುತ್ತದೆ.

ಶೀರ್ಷಿಕೆಗಳನ್ನು ಟೆಂಪ್ಲೇಟ್‌ನಲ್ಲಿ ಕನ್ನಡದಲ್ಲೇ ಟೈಪ್ ಮಾಡಿ. 'ಒಟ್ಟು', 'ಅವಧಿ' ತರಹದ, ಕೋಡ್ ಬರೆಯಬೇಕಾದ ಪದಗಳಿಗೆ ಆ್ಯಕ್ಸೆಸ್‌ನಲ್ಲಿ ಒಂದು ಪುಟ್ಟ ಟೇಬಲ್ ಮಾಡಿ, 'ಡಿಲುಕಪ್'ನಿಂದ ತಂದು ಸೆಲ್‌ಗೆ ಹಾಕಿ. ಒಂದೆರಡು ಅಕ್ಷರಕ್ಕಾದರೆ 'ಸಿಎಚ್‌ಆರ್‌ಡಬ್ಲ್ಯೂ' ಫಂಕ್ಷನ್ ನಡೆಯುತ್ತದೆ, 3221 ಕೊಟ್ಟರೆ 'ಕ' ಬರುತ್ತದೆ. ಇಡೀ ವಾಕ್ಯಕ್ಕೆ ಅದು ಶಿಕ್ಷೆ.

ಹೆಸರುಗಳನ್ನು ಹಿಂದೆ ಯುನಿಕೋಡ್ ಅಲ್ಲದ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಎಕ್ಸೆಲ್‌ನಲ್ಲಿ ವಿಚಿತ್ರ ಗುರುತುಗಳು ಕಾಣುತ್ತವೆ. ಅದು ಕೋಡ್ ತಪ್ಪಲ್ಲ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ. ಫೈಲ್ ಹೆಸರು ಮಾತ್ರ ಇಂಗ್ಲಿಷ್‌ನಲ್ಲೇ ಇರಲಿ, ವಿಬಿಎಯ 'ಡಿರ್', 'ಕಿಲ್' ಆಜ್ಞೆಗಳಿಗೆ ಕನ್ನಡ ಫೈಲ್ ಹೆಸರು ಗೊತ್ತಾಗುವುದಿಲ್ಲ.

ಸಾಯದ ಎಕ್ಸೆಲ್

ಮೊದಲ ಸಲ ಬಟನ್ ಒತ್ತಿದಾಗ ಎಲ್ಲ ಸರಿ. ಎರಡನೇ ಸಲ 462 ಅಥವಾ 1004 ದೋಷ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಕಣ್ಣಿಗೆ ಕಾಣದ ಎಕ್ಸೆಲ್ ಒಂದು ಒಳಗೆ ಕೂತಿದೆ. ಈ ಕೆಲಸಕ್ಕೆ ಕೈ ಹಾಕಿದವರಿಗೆ ಇದು ಒಮ್ಮೆಯಾದರೂ ಎದುರಾಗುತ್ತದೆ.

ಕಾರಣ ಸಾಮಾನ್ಯವಾಗಿ ಇಂಥ ಒಂದು ಸಾಲು:

ಶೀಟ್.ರೇಂಜ್(ಸೆಲ್ಸ್(5, 1), ಸೆಲ್ಸ್(ಕೊನೆ, 5)).ಬಾರ್ಡರ್ಸ್.ಲೈನ್‌ಸ್ಟೈಲ್ = 1

'ರೇಂಜ್' ಹಿಂದೆ 'ಶೀಟ್' ಇದೆ. ಆದರೆ ಒಳಗಿನ ಎರಡು 'ಸೆಲ್ಸ್' ಅನಾಥ. ಯಾರ ಸೆಲ್ಸ್? ರೆಫರೆನ್ಸ್ ಟಿಕ್ ಇದ್ದಾಗ ವಿಬಿಎ ತಾನೇ ಊಹಿಸಿ, ಎಕ್ಸೆಲ್‌ಗೆ ಇನ್ನೊಂದು ಗುಟ್ಟಿನ ಸಂಪರ್ಕ ಇಟ್ಟುಕೊಳ್ಳುತ್ತದೆ. ಆ ಸಂಪರ್ಕ ನಿಮ್ಮ ಯಾವ ವೇರಿಯಬಲ್‌ನಲ್ಲೂ ಇಲ್ಲ. ಹಾಗಾಗಿ ನೀವು ಅದನ್ನು ಕಡಿಯಲಾರಿರಿ, ಎಕ್ಸೆಲ್ ಸಾಯುವುದಿಲ್ಲ. ಸರಿಯಾದದ್ದು:

ಶೀಟ್.ರೇಂಜ್(ಶೀಟ್.ಸೆಲ್ಸ್(5, 1), ಶೀಟ್.ಸೆಲ್ಸ್(ಕೊನೆ, 5)).ಬಾರ್ಡರ್ಸ್.ಲೈನ್‌ಸ್ಟೈಲ್ = 1

'ಆ್ಯಕ್ಟಿವ್‌ಶೀಟ್', 'ಸೆಲೆಕ್ಷನ್', 'ಕಾಲಮ್ಸ್', 'ರೋಸ್' ಎಲ್ಲಕ್ಕೂ ಇದೇ ಕಟ್ಟಳೆ. ರೆಫರೆನ್ಸ್ ತೆಗೆದು ಕಂಪೈಲ್ ಮಾಡಿ ಅಂದದ್ದು ಇದಕ್ಕೇ. ಟಿಕ್ ಇಲ್ಲದಿದ್ದಾಗ ವಿಬಿಎಗೆ 'ಸೆಲ್ಸ್' ಅಂದರೆ ಏನೆಂದೇ ಗೊತ್ತಿಲ್ಲ. ಊಹಿಸುವ ಬದಲು ಆ ಸಾಲಿನಲ್ಲೇ ನಿಲ್ಲುತ್ತದೆ. 'ಆಪ್ಷನ್ ಎಕ್ಸ್‌ಪ್ಲಿಸಿಟ್' ಇದ್ದರೆ 'ಆ್ಯಕ್ಟಿವ್‌ಶೀಟ್' ತರಹದವೂ ಸಿಕ್ಕಿಬೀಳುತ್ತವೆ. ರಾತ್ರಿಯಿಡೀ ಹುಡುಕುವ ತಪ್ಪು ಒಂದು ಕ್ಲಿಕ್ಕಿನಲ್ಲಿ ಕೈಗೆ ಬರುತ್ತದೆ.

ಒಂದು ಪದ ಮಾತ್ರ ಈ ಜರಡಿಯಲ್ಲೂ ನುಸುಳುತ್ತದೆ: 'ಅಪ್ಲಿಕೇಶನ್'. ಎಕ್ಸೆಲ್‌ನಲ್ಲಿ ಮ್ಯಾಕ್ರೋ ರೆಕಾರ್ಡ್ ಮಾಡಿ, ಆ ಕೋಡ್ ತಂದು ಇಲ್ಲಿ ಅಂಟಿಸುವುದು ಕಲಿಯಲು ಒಳ್ಳೆಯ ದಾರಿಯೇ. ಆದರೆ ಆ್ಯಕ್ಸೆಸ್ ಒಳಗೆ 'ಅಪ್ಲಿಕೇಶನ್' ಅಂದರೆ ಆ್ಯಕ್ಸೆಸ್. 'ಅಪ್ಲಿಕೇಶನ್.ಕ್ವಿಟ್' ಅಂದರೆ ಎಕ್ಸೆಲ್ ಅಲ್ಲ, ನಿಮ್ಮ ಡೇಟಾಬೇಸೇ ಮುಚ್ಚಿಕೊಳ್ಳುತ್ತದೆ. ಅಂಟಿಸಿದ ಕೋಡ್‌ನಲ್ಲಿ ಆ ಪದ ಕಂಡಲ್ಲೆಲ್ಲ 'ಎಕ್ಸ್' ಹಾಕಿ.

ಉಳಿಸುವುದು, ಮುಚ್ಚುವುದು

ಎಕ್ಸ್.ಡಿಸ್‌ಪ್ಲೇಅಲರ್ಟ್ಸ್ = ಫಾಲ್ಸ್
ಬುಕ್.ಸೇವ್‌ಆ್ಯಸ್ ಫೈಲ್‌ದಾರಿ, 51
ಬುಕ್.ಎಕ್ಸ್‌ಪೋರ್ಟ್‌ಆ್ಯಸ್‌ಫಿಕ್ಸ್ಡ್‌ಫಾರ್ಮ್ಯಾಟ್ 0, ಪಿಡಿಎಫ್‌ದಾರಿ

ಮೊದಲ ಸಾಲು ಹಾಕಿದರೆ ಅದೇ ಹೆಸರಿನ ಹಳೇ ಫೈಲ್ ಮೇಲೆ ಕೇಳದೆ ಬರೆದುಬಿಡುತ್ತದೆ. ಹಾಗಾಗಿ ಫೈಲ್ ಹೆಸರಿನಲ್ಲಿ ದಿನಾಂಕ ಸೇರಿಸಿ, 2025-04-10 ರೀತಿ. ಓರೆ ಗೆರೆ ಇರುವ ದಿನಾಂಕ ಫೈಲ್ ಹೆಸರಿಗೆ ಆಗುವುದಿಲ್ಲ. ಆ ಫೈಲ್ ಯಾರದೋ ಪರದೆಯಲ್ಲಿ ತೆರೆದಿದ್ದರೆ ಉಳಿಸುವುದು ವಿಫಲವಾಗುತ್ತದೆ.

ದೋಷ ಬಂದರೂ ಬರದಿದ್ದರೂ ಮುಚ್ಚುವ ಸಾಲುಗಳು ಓಡಲೇಬೇಕು. ಪ್ರೊಸೀಜರ್ ಮೊದಲಲ್ಲಿ 'ಆನ್ ಎರರ್ ಗೋಟು ತಪ್ಪು' ಎಂದಿಡಿ. ಕೊನೆ ಹೀಗಿರಲಿ:

ಸ್ವಚ್ಛ:
ಆನ್ ಎರರ್ ರೆಸ್ಯೂಮ್ ನೆಕ್ಸ್ಟ್
ಆರ್‌ಎಸ್.ಕ್ಲೋಸ್
ಬುಕ್.ಕ್ಲೋಸ್ ಫಾಲ್ಸ್
ಎಕ್ಸ್.ಕ್ವಿಟ್
ಸೆಟ್ ಶೀಟ್ = ನಥಿಂಗ್
ಸೆಟ್ ಬುಕ್ = ನಥಿಂಗ್
ಸೆಟ್ ಎಕ್ಸ್ = ನಥಿಂಗ್
ಎಕ್ಸಿಟ್ ಸಬ್
ತಪ್ಪು:
ಎಂಎಸ್‌ಜಿಬಾಕ್ಸ್ ಎರ್.ನಂಬರ್ & " " & ಎರ್.ಡಿಸ್ಕ್ರಿಪ್ಷನ್
ರೆಸ್ಯೂಮ್ ಸ್ವಚ್ಛ

ಫೈಲ್ ಮುಚ್ಚದೆ ಬಳಸುವವರ ಕೈಗೆ ಕೊಡಬೇಕೆಂದರೆ, ಕೆಲಸ ಸರಿಯಾಗಿ ಮುಗಿದಾಗ 'ಕ್ಲೋಸ್', 'ಕ್ವಿಟ್' ಬಿಟ್ಟು, 'ಡಿಸ್‌ಪ್ಲೇಅಲರ್ಟ್ಸ್' ಮತ್ತೆ ಟ್ರೂ ಮಾಡಿ, 'ಎಕ್ಸ್.ವಿಸಿಬಲ್' ಮತ್ತು 'ಎಕ್ಸ್.ಯೂಸರ್‌ಕಂಟ್ರೋಲ್' ಎರಡನ್ನೂ ಟ್ರೂ ಮಾಡಿ. ದೋಷ ಬಂದಾಗ ಮಾತ್ರ ಮುಚ್ಚಿ.

ಬಟನ್, ಪರೀಕ್ಷೆ

ಇಡೀ ಕೋಡ್ ಒಂದು 'ಪಬ್ಲಿಕ್ ಸಬ್' ಆಗಿರಲಿ, ಎರಡು ದಿನಾಂಕಗಳನ್ನು ಪಡೆಯಲಿ. ಫಾರ್ಮ್‌ನಲ್ಲಿ ಎರಡು ದಿನಾಂಕದ ಪೆಟ್ಟಿಗೆ, ಒಂದು ಬಟನ್ ಇಡಿ. ಬಟನ್‌ನ 'ಆನ್ ಕ್ಲಿಕ್'ನಲ್ಲಿ ದಿನಾಂಕ ಖಾಲಿಯಿಲ್ಲ ಎಂದು ನೋಡಿ ಆ ಸಬ್ ಅನ್ನು ಕರೆಯಿರಿ.

ಈಗ ಟಾಸ್ಕ್ ಮ್ಯಾನೇಜರ್ ಪಕ್ಕದಲ್ಲಿ ತೆರೆದಿಟ್ಟು ಬಟನ್ ಒತ್ತಿ. ಮುಗಿದ ಮೇಲೆ ಎಕ್ಸೆಲ್ ಹೆಸರು ಪಟ್ಟಿಯಿಂದ ಹೋಗಬೇಕು. ತಕ್ಷಣ ಇನ್ನೊಮ್ಮೆ ಒತ್ತಿ. ಆಮೇಲೆ ಹಾಲೇ ಇಲ್ಲದ ಒಂದು ಅವಧಿ ಕೊಟ್ಟು ಒತ್ತಿ. ಟೆಂಪ್ಲೇಟ್ ಹೆಸರು ಬೇಕೆಂದೇ ಬದಲಿಸಿ ಒತ್ತಿ, ದೋಷ ಸಂದೇಶ ಬಂದ ಮೇಲೂ ಎಕ್ಸೆಲ್ ಉಳಿಯಬಾರದು. ಕೊನೆಗೆ ಒಬ್ಬ ಸದಸ್ಯರ ಮೊತ್ತವನ್ನು ಅವರ ಪಾಸ್‌ಬುಕ್ ಜೊತೆ ತಾಳೆ ನೋಡಿ. ಅವಧಿಯನ್ನು ಬೇಕೆಂದೇ ತಿಂಗಳ 1ರಿಂದ 10ರವರೆಗೆ ಇಟ್ಟುಕೊಳ್ಳಿ. ದಿನ, ತಿಂಗಳು ಅದಲುಬದಲಾಗಿದ್ದರೆ ಅಲ್ಲೇ ಬಯಲಾಗುತ್ತದೆ.